ಬೆರಳಗಲದ ಬೋರ್ಡು, ಬೆಳೆದು ನಿಂತ ಹೊಣೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ ‘ಒಂದು ಇಎಸ್‌ಪಿ ಕೊಡಿ’ ಎಂದರೆ ಸಾಕು, ‘ಥರ್ಟಿ ಟೂ ಬೇಕಾ, ನೋಡ್‌ಎಂಸಿಯು ಸಾಕಾ?’ ಎಂಬ ಮರುಪ್ರಶ್ನೆ ಬರುತ್ತದೆ. ಕೈಗೆ ಸಿಗುವುದು ಬೆಂಕಿಪೊಟ್ಟಣದಷ್ಟೇ ಇರುವ ಒಂದು ಕಪ್ಪು ಬೋರ್ಡು. ಒಂದು ತುದಿಯಲ್ಲಿ ಯುಎಸ್‌ಬಿ ಕಿಂಡಿ, ಅದರ ಅಕ್ಕಪಕ್ಕ ಎರಡು ಪುಟ್ಟ ಗುಂಡಿ, ಎರಡೂ ಅಂಚಿನಲ್ಲಿ ಸಾಲುಗಟ್ಟಿದ ಪಿನ್ನುಗಳು, ನಡುವೆ ಲೋಹದ ಮುಚ್ಚಳ. ಮುಚ್ಚಳದಾಚೆ ಬೋರ್ಡಿನ ಮೇಲೆಯೇ ಅಂಕುಡೊಂಕಾಗಿ ಎಳೆದ ತಾಮ್ರದ ಗೆರೆಯೇ ಅದರ ಆಂಟೆನಾ. ಬೆಲೆ ಮಾದರಿಗೆ ತಕ್ಕಂತೆ ಇನ್ನೂರರಿಂದ ಐನೂರು ರೂಪಾಯಿಯ ಆಸುಪಾಸು. ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ, ಡಿಪ್ಲೊಮಾ ವಿದ್ಯಾರ್ಥಿಗಳ ಪ್ರದರ್ಶನದ ಮಾದರಿಯಲ್ಲಿ, ತಾರಸಿಯ ಟ್ಯಾಂಕ್ ತುಂಬಿತೆಂದು ಫೋನಿಗೆ ಸುದ್ದಿ ಮುಟ್ಟಿಸುವ ಹವ್ಯಾಸಿಯ ಸಾಧನದಲ್ಲಿ ಮತ್ತೆ ಮತ್ತೆ ಕಾಣಿಸುವುದು ಈ ಬೋರ್ಡೇ.

ಹನ್ನೆರಡು ವರ್ಷಗಳ ಹಿಂದೆ ಈ ಬೆಲೆಗೆ ಇಂಥದೊಂದು ವಸ್ತು ಸಿಗುತ್ತದೆ ಎಂದಿದ್ದರೆ ಈ ಕ್ಷೇತ್ರದವರೇ ನಂಬುತ್ತಿರಲಿಲ್ಲ. ಈಗ ಇದೇ ಕುಟುಂಬದ ಚಿಪ್‌ಗಳು ಹವ್ಯಾಸಿಗಳ ಮೇಜು ದಾಟಿ ಮನೆಯ ಸ್ವಿಚ್ಚು, ಬಲ್ಬು, ಪ್ಲಗ್ಗುಗಳ ಒಳಗೆ ಸೇರಿಕೊಂಡಿವೆ. ಇವನ್ನು ರೂಪಿಸುವ ಶಾಂಘೈ ಮೂಲದ ಕಂಪನಿಯೊಂದು 2018ರ ಆರಂಭದ ಹೊತ್ತಿಗೆ ಒಟ್ಟು 10 ಕೋಟಿ, 2023ರ ಹೊತ್ತಿಗೆ 100 ಕೋಟಿ ಚಿಪ್‌ಗಳನ್ನು ರವಾನಿಸಿದ್ದಾಗಿ ಪ್ರಕಟಿಸಿದೆ. ಜಾಲಕ್ಕೆ ಅಂಟಿಕೊಂಡ ವಸ್ತುವೊಂದು ಈ ಪ್ರಮಾಣದಲ್ಲಿ ಹರಡಿದ ಮೇಲೆ ಅದು ಸಾರ್ವಜನಿಕ ವಿಷಯವಾಗುತ್ತದೆ. ಅದು ನಮಗೆ ಏನು ಕೊಟ್ಟಿತು, ಕೊಟ್ಟದ್ದರ ಜೊತೆಗೆ ಯಾವ ಹೊಣೆಗಳನ್ನು ಹೇಳದೆ ಕೇಳದೆ ನಮ್ಮ ಹೆಗಲಿಗೆ ದಾಟಿಸಿತು ಎಂಬ ಲೆಕ್ಕವನ್ನು ಓದುವ, ಕಲಿಸುವ, ಕೊಳ್ಳುವ ಎಲ್ಲರೂ ಸೇರಿ ಹಾಕಬೇಕಿದೆ.

ಎಂಟು ಪಿನ್ನಿನ ಆರಂಭ

ಸಾಮಾನ್ಯರ ಕೈಗೆ ಮೈಕ್ರೊಕಂಟ್ರೋಲರ್, ಅಂದರೆ ಸಾಧನಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್, ಸಿಕ್ಕ ಕಥೆ ಇದಕ್ಕಿಂತ ಹಳೆಯದು. 2005ರಲ್ಲಿ ಉತ್ತರ ಇಟಲಿಯ ಇವ್ರೇಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ ಆರ್ಡುಯಿನೊ ರೂಪುಗೊಂಡಿತು. ಎಲೆಕ್ಟ್ರಾನಿಕ್ಸ್ ಓದದ ವಿನ್ಯಾಸ ವಿದ್ಯಾರ್ಥಿಗಳೂ ದೀಪ ಮಿನುಗಿಸುವಂತಾಗಬೇಕು, ಮೋಟಾರು ತಿರುಗಿಸುವಂತಾಗಬೇಕು ಎಂಬುದು ಅದರ ಹಿಂದಿದ್ದ ಆಶಯ. ಬೋರ್ಡಿನ ನಕ್ಷೆ, ತಂತ್ರಾಂಶ ಎರಡನ್ನೂ ಮುಕ್ತವಾಗಿ ಬಿಟ್ಟುಕೊಟ್ಟದ್ದರಿಂದ ಅದು ಊರೂರು ಸೇರಿತು. 2010ರಲ್ಲಿ ಬಂದ ಅದರ ಉನೊ ಮಾದರಿಯ ಚಿಪ್‌ನ ವೇಗ 16 ಮೆಗಾಹರ್ಟ್ಸ್, ಕೆಲಸದ ಮೆಮೊರಿ ಬರೀ 2 ಕಿಲೊಬೈಟ್. ಕಲಿಯಲು ಅಷ್ಟು ಸಾಕಿತ್ತು. ಆದರೆ ಆ ಬೋರ್ಡಿಗೆ ಹೊರಜಗತ್ತಿನ ಸಂಪರ್ಕ ಇರಲಿಲ್ಲ. ವೈಫೈ ಬೇಕೆಂದರೆ ಅದರ ಮೇಲೆ ಕೂರಿಸುವ ಇನ್ನೊಂದು ಬೋರ್ಡ್ ಕೊಳ್ಳಬೇಕಿತ್ತು. ಅದರ ಬೆಲೆ ಮೂಲ ಬೋರ್ಡಿಗಿಂತಲೂ ಹೆಚ್ಚು. ನಮ್ಮ ವಿದ್ಯಾರ್ಥಿಗಳ ಮಟ್ಟಿಗೆ ಅದು ಕೈಗೆಟುಕದ ಮಾತಾಗಿತ್ತು.

2014ರ ಆಗಸ್ಟ್‌ನಲ್ಲಿ ಚೀನಾದ ಬಿಡಿಭಾಗ ಮಾರುಕಟ್ಟೆಯಿಂದ ಹೊರಟ ಇಎಸ್‌ಪಿ–01 ಎಂಬ ಪುಟ್ಟ ಮಾಡ್ಯೂಲ್ ಪಶ್ಚಿಮದ ಹವ್ಯಾಸಿಗಳ ಕಣ್ಣಿಗೆ ಬಿತ್ತು. ಎರಡೂವರೆ ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ, ಎಂಟೇ ಎಂಟು ಪಿನ್ನು, ಬೆಲೆ ಐದು ಡಾಲರಿನ ಒಳಗೆ. ಬೇರೊಂದು ಮೈಕ್ರೊಕಂಟ್ರೋಲರ್‌ಗೆ ವೈಫೈ ಸಂಪರ್ಕ ಒದಗಿಸುವ ಉಪಾಂಗವಾಗಿ ಅದು ಮಾರಾಟಕ್ಕೆ ಬಂದಿತ್ತು. ಹಳೆಯ ದೂರವಾಣಿ ಮೋಡೆಮ್‌ಗಳಿಗೆ ಕೊಡುತ್ತಿದ್ದಂಥ ಆಜ್ಞೆಗಳನ್ನು ಕಳಿಸಿದರೆ ಅದು ಜಾಲಕ್ಕೆ ಸೇರುತ್ತಿತ್ತು, ದತ್ತಾಂಶ ಕಳಿಸುತ್ತಿತ್ತು. ಅದರ ದಾಖಲೆಗಳಿದ್ದದ್ದು ಚೀನೀ ಭಾಷೆಯಲ್ಲಿ. ಲೋಕದ ಹಲವೆಡೆಯ ಉತ್ಸಾಹಿಗಳು ಅದನ್ನು ಪುಟಪುಟವಾಗಿ ಅನುವಾದಿಸಿಕೊಂಡು ಓದತೊಡಗಿದರು. ಓದಿದಂತೆಲ್ಲ ಅರ್ಥವಾದ ಸಂಗತಿಯೆಂದರೆ, ಆ ಉಪಾಂಗದೊಳಗಿದ್ದ ಇಎಸ್‌ಪಿ8266 ಚಿಪ್‌ನಲ್ಲಿ 80 ಮೆಗಾಹರ್ಟ್ಸ್ ವೇಗದ 32 ಬಿಟ್ ಪ್ರೊಸೆಸರ್ ಇತ್ತು. ಯಾವ ಬೋರ್ಡಿಗೆ ಸಹಾಯಕವಾಗಿ ಅದು ಬಂದಿತ್ತೋ ಆ ಬೋರ್ಡಿಗಿಂತ ಅದೇ ಹಲವು ಪಟ್ಟು ಸಮರ್ಥವಾಗಿತ್ತು.

ಇಲ್ಲಿ ಚಿಪ್ ರೂಪಿಸಿದ ಶಾಂಘೈ ಕಂಪನಿ ತೆಗೆದುಕೊಂಡ ತೀರ್ಮಾನ ಮುಖ್ಯ. ಒಳಗುಟ್ಟು ಬಿಚ್ಚಿದವರ ಮೇಲೆ ಮುನಿಯುವ ಬದಲು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಿಪ್‌ಗೆ ನೇರವಾಗಿ ಪ್ರೋಗ್ರಾಂ ಬರೆಯುವ ಸಾಧನಗಳನ್ನು ಅದು ಹೊರಗೆ ಬಿಟ್ಟಿತು. ಅದರ ಬೆನ್ನಿಗೇ ಲುವಾ ಭಾಷೆಯಲ್ಲಿ ಬರೆಯಬಹುದಾದ ನೋಡ್‌ಎಂಸಿಯು ಬಂತು. 2015ರಲ್ಲಿ ಆರ್ಡುಯಿನೊ ತಂತ್ರಾಂಶದಲ್ಲೇ ಈ ಚಿಪ್‌ಗೂ ಬರೆಯಬಹುದಾಯಿತು. ಈ ಕೊನೆಯ ಹೆಜ್ಜೆಯೇ ನಿರ್ಣಾಯಕ. ದಶಕದಿಂದ ಶಾಲೆ ಕಾಲೇಜುಗಳಲ್ಲಿ ಬೆಳೆದಿದ್ದ ಆರ್ಡುಯಿನೊ ಜ್ಞಾನವೆಲ್ಲ ರಾತ್ರೋರಾತ್ರಿ ಹೊಸ ಚಿಪ್‌ಗೂ ಅನ್ವಯವಾಯಿತು. ತಂತ್ರಜ್ಞಾನದ ಚರಿತ್ರೆ ಬರೆಯುವವರು ಚಿಪ್‌ನ ವೇಗ, ಬೆಲೆಗಳಿಗೆ ಕೊಡುವ ಮಹತ್ವವನ್ನು ಇಂಥ ಸೇತುವೆಗಳಿಗೆ ಕೊಡುವುದಿಲ್ಲ, ಕೊಡಬೇಕು.

2016ರ ಸೆಪ್ಟೆಂಬರ್‌ನಲ್ಲಿ ಬಂದ ಇಎಸ್‌ಪಿ32ರಲ್ಲಿ 240 ಮೆಗಾಹರ್ಟ್ಸ್‌ವರೆಗೆ ಓಡುವ ಎರಡು ಪ್ರೊಸೆಸರ್, 520 ಕಿಲೊಬೈಟ್ ಮೆಮೊರಿ, ವೈಫೈ ಜೊತೆಗೆ ಬ್ಲೂಟೂತ್ ಒಂದೇ ಚಿಪ್‌ನೊಳಗೆ ಕೂಡಿಕೊಂಡವು. ಮುಂದೆ ಸಿ3 ಎಂಬ ಮಾದರಿಯಲ್ಲಿ ಪ್ರೊಸೆಸರ್ ರಿಸ್ಕ್–ಫೈವ್ ಎಂಬ ಮುಕ್ತ ವಿನ್ಯಾಸಕ್ಕೆ ಬದಲಾಯಿತು. ಆ ಚಿಪ್ ಹೊತ್ತ ಅತಿ ಪುಟ್ಟ ಬೋರ್ಡ್‌ಗಳ ಅಳತೆ 21 ಮಿಲಿಮೀಟರ್ ಉದ್ದ, 18 ಮಿಲಿಮೀಟರಿನಷ್ಟು ಅಗಲ. 2022ರ ಜೂನ್‌ನಲ್ಲಿ ಬ್ರಿಟನ್ನಿನ ಪಿಕೊ ಡಬ್ಲ್ಯು ಎಂಬ ಬೋರ್ಡು 6 ಡಾಲರಿಗೆ ಬಂದು ಸ್ಪರ್ಧೆ ಹೆಚ್ಚಿಸಿತು. ಬೆಲೆ ಇಷ್ಟು ಇಳಿಯಲು ಕಾರಣ ಮೂರು: ರೇಡಿಯೊಗೆ ಬೇಕಾದ ವರ್ಧಕ, ಸ್ವಿಚ್ಚು ಮೊದಲಾದ ಬಿಡಿಭಾಗಗಳನ್ನು ಸಾಮಾನ್ಯ ಸಿಲಿಕಾನ್ ತುಣುಕಿನೊಳಗೇ ಸೇರಿಸಿದ್ದು, ಸ್ವಂತ ಕಾರ್ಖಾನೆ ಕಟ್ಟದೆ ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿದ್ದು, ಸ್ಮಾರ್ಟ್ ಪ್ಲಗ್, ಬಲ್ಬುಗಳ ತಯಾರಕರಿಂದ ಬಂದ ಭಾರಿ ಬೇಡಿಕೆ. ಹವ್ಯಾಸಿಗೆ ಸಿಗುವ ಅಗ್ಗದ ಬೆಲೆಯ ಹಿಂದೆ ಗೃಹಬಳಕೆಯ ದೊಡ್ಡ ಮಾರುಕಟ್ಟೆ ಇದೆ ಎಂಬುದನ್ನು ಮರೆಯಬಾರದು. ಮುಂದೆ ಹೇಳಲಿರುವ ತೊಡಕುಗಳ ಬೇರೂ ಅಲ್ಲೇ ಇದೆ.

ಪರವಾನಗಿ ಬೇಡದ ತರಂಗ

ಬೆಲೆಯ ಜೊತೆಗೆ ಕಾನೂನೂ ದಾರಿ ಬಿಡಬೇಕಿತ್ತು. ರೇಡಿಯೊ ತರಂಗ ಎಲ್ಲೆಡೆ ಸರ್ಕಾರದ ಹಿಡಿತದಲ್ಲಿರುವ ಸಂಪನ್ಮೂಲ. ಮೈಕ್ರೊವೇವ್ ಒಲೆಗಳು ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಆಸುಪಾಸಿನ ಪಟ್ಟಿಯನ್ನು ಸಂವಹನದವರು ಗದ್ದಲದ ಜಾಗವೆಂದೇ ಎಣಿಸಿದ್ದರು. 1985ರಲ್ಲಿ ಅಮೆರಿಕ ಅದನ್ನೂ ಸೇರಿಸಿ ಕೆಲವು ಪಟ್ಟಿಗಳನ್ನು ಪರವಾನಗಿ ಇಲ್ಲದ ಸಂವಹನಕ್ಕೆ ತೆರೆಯಿತು. ವೈಫೈ, ಬ್ಲೂಟೂತ್ ಎರಡೂ ಬೆಳೆದದ್ದು ಆ ಜಾಗದಲ್ಲಿ. ಭಾರತದಲ್ಲಿ 2005ರ ಜನವರಿಯ ಅಧಿಸೂಚನೆ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ನಿಗದಿತ ಶಕ್ತಿಮಿತಿಯೊಳಗೆ ಪರವಾನಗಿಯಿಂದ ಮುಕ್ತಗೊಳಿಸಿತು. ಅದೇ ವರ್ಷ 865–867 ಮೆಗಾಹರ್ಟ್ಸ್ ಪಟ್ಟಿಗೂ ಇಂಥದೇ ಸಡಿಲಿಕೆ ಸಿಕ್ಕಿತು. ಹಾವೇರಿಯ ಹುಡುಗಿಯೊಬ್ಬಳು ತನ್ನ ಬೋರ್ಡಿನಿಂದ ರೇಡಿಯೊ ಸಂಕೇತ ಹೊರಡಿಸಲು ಇಂದು ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬೇಕಿಲ್ಲ. ಒಂದು ಕಾಲದಲ್ಲಿ ಮನೆಯ ರೇಡಿಯೊ ಕೇಳುವುದಕ್ಕೂ ವರ್ಷ ವರ್ಷ ಲೈಸೆನ್ಸ್ ಶುಲ್ಕ ಕಟ್ಟಬೇಕಿದ್ದ ದೇಶದಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಕರೆಂಟಿನ ಲೆಕ್ಕ

ಪ್ರದರ್ಶನದ ದಿನ ಚೆನ್ನಾಗಿ ನಡೆದ ಮಾದರಿ ನಿಜವಾದ ಬಳಕೆಗೆ ಬಂದಾಗ ಕೈಕೊಡುವುದು ಏಕೆ ಎಂಬ ಪ್ರಶ್ನೆ ಕಲಿಸುವವರನ್ನೆಲ್ಲ ಕಾಡಿದೆ. ಉತ್ತರ ಬಹಳ ಸಲ ವಿದ್ಯುತ್ತಿನಲ್ಲಿ ಇರುತ್ತದೆ. ಇಎಸ್‌ಪಿ32 ಸುಮ್ಮನಿದ್ದಾಗ ಎಳೆಯುವ ಕರೆಂಟ್ ಕಡಿಮೆ. ಆದರೆ ವೈಫೈ ಸಂಕೇತ ಹೊರಡಿಸುವ ಕ್ಷಣದಲ್ಲಿ ಅದು 240 ಮಿಲಿಆಂಪಿಯರ್‌ವರೆಗೆ ಜಿಗಿಯುತ್ತದೆ. ತೆಳುವಾದ ಯುಎಸ್‌ಬಿ ತಂತಿ, ಹಳೆಯ ಚಾರ್ಜರ್, ಸಡಿಲ ಬ್ರೆಡ್‌ಬೋರ್ಡ್ ಇದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿಯುತ್ತದೆ, ಚಿಪ್ ತನ್ನನ್ನು ತಾನೇ ನಿಲ್ಲಿಸಿ ಮತ್ತೆ ಶುರುವಾಗುತ್ತದೆ. ಕಂಪ್ಯೂಟರ್ ಪರದೆಯಲ್ಲಿ ‘ಬ್ರೌನ್‌ಔಟ್’ ಎಂಬ ಸಂದೇಶ ಪದೇಪದೇ ಬರುತ್ತಿದ್ದರೂ ವಿದ್ಯಾರ್ಥಿಗಳು ತಪ್ಪು ಹುಡುಕುವುದು ತಮ್ಮ ಪ್ರೋಗ್ರಾಂನಲ್ಲಿ.

ಬ್ಯಾಟರಿಯ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದ್ದು. ಚಿಪ್ ಗಾಢ ನಿದ್ರೆಯಲ್ಲಿದ್ದಾಗ 10 ಮೈಕ್ರೊಆಂಪಿಯರ್ ಸಾಕು ಎನ್ನುತ್ತದೆ ಅದರ ದಾಖಲೆ. 2000 ಮಿಲಿಆಂಪಿಯರ್–ಗಂಟೆ ಸಾಮರ್ಥ್ಯದ ಬ್ಯಾಟರಿ ಆ ಲೆಕ್ಕದಲ್ಲಿ ಎರಡು ಲಕ್ಷ ಗಂಟೆ, ಅಂದರೆ 22 ವರ್ಷಕ್ಕೂ ಹೆಚ್ಚು ಬರಬೇಕು. ಅಷ್ಟರೊಳಗೆ ಬ್ಯಾಟರಿಯೇ ತಾನಾಗಿ ಸತ್ತಿರುತ್ತದೆ. ಆದರೆ ಅಗ್ಗದ ಬೋರ್ಡುಗಳ ಮೇಲೆ ಚಿಪ್ ಒಂದೇ ಇರುವುದಿಲ್ಲ. 5 ವೋಲ್ಟನ್ನು 3.3 ವೋಲ್ಟಿಗೆ ಇಳಿಸುವ ಸಾಮಾನ್ಯ ರೆಗ್ಯುಲೇಟರ್ ತಾನು ಎಚ್ಚರವಾಗಿರುವುದಕ್ಕೇ 5 ಮಿಲಿಆಂಪಿಯರ್ ತಿನ್ನುತ್ತದೆ. ಸದಾ ಉರಿಯುವ ಕೆಂಪು ದೀಪದ ಖರ್ಚು ಬೇರೆ. ರೆಗ್ಯುಲೇಟರ್ ಒಂದನ್ನೇ ಲೆಕ್ಕ ಹಿಡಿದರೂ ಅದೇ ಬ್ಯಾಟರಿ 400 ಗಂಟೆಗೆ, ಹದಿನೇಳು ದಿನ ತುಂಬುವ ಮೊದಲೇ ಮುಗಿಯುತ್ತದೆ. ‘ವರ್ಷಗಟ್ಟಲೆ ಬರುವ ಸೆನ್ಸರ್’ ಎಂದು ಪ್ರಾಜೆಕ್ಟ್ ವರದಿಯಲ್ಲಿ ಬರೆಯುವುದಕ್ಕೂ ಹದಿನೇಳು ದಿನಕ್ಕೂ ನಡುವೆ ಇರುವುದು ಒಂದು ಮಲ್ಟಿಮೀಟರ್ ಹಿಡಿದು ಅಳೆಯುವ ಅಭ್ಯಾಸ.

ಇಂಥದೇ ಇನ್ನೊಂದು ತೊಡಕು ಪಿನ್ನುಗಳ ನಡುವೆ ಅಡಗಿದೆ. ಸೆನ್ಸರ್‌ನಿಂದ ಬರುವ ಏರಿಳಿತದ ವೋಲ್ಟೇಜ್ ಓದಲು ಇಎಸ್‌ಪಿ32ರಲ್ಲಿ ಎರಡು ಘಟಕಗಳಿವೆ. ಎರಡನೆಯದನ್ನು ವೈಫೈ ತನ್ನ ಕೆಲಸಕ್ಕೆ ಬಳಸಿಕೊಳ್ಳುವುದರಿಂದ ರೇಡಿಯೊ ಚಾಲೂ ಇದ್ದಾಗ ಅದಕ್ಕೆ ಸೇರಿದ 25, 26, 27ನೇ ಪಿನ್ನುಗಳಲ್ಲಿ ನಂಬುವಂಥ ಅಳತೆ ಸಿಗದು. ಮಣ್ಣಿನ ತೇವಾಂಶ ಅಳೆಯುವ ತಂತಿಯನ್ನು ಅಲ್ಲಿಗೆ ಸಿಕ್ಕಿಸಿ, ವೈಫೈ ಸೇರಿಸಿದೊಡನೆ ಓದು ಕೆಟ್ಟಿತೆಂದು ಸೆನ್ಸರನ್ನೇ ಎಸೆದವರು ಕಡಿಮೆಯಿಲ್ಲ. ದಾಖಲೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ದಾಖಲೆ ಓದುವ ಗೋಜಿಲ್ಲದೆ ಯಾರೋ ಬರೆದಿಟ್ಟ ಪ್ರೋಗ್ರಾಂ ಅಂಟಿಸಿ ಮುಗಿಸುವ ರೂಢಿ ಬೆಳೆದಿರುವುದು ಈ ಅಗ್ಗದ ಸೌಲಭ್ಯದ ಒಂದು ನೆರಳು.

ಸ್ಟುಟ್‌ಗಾರ್ಟ್‌ನ ಬಾಲ್ಕನಿಗಳಿಂದ ನಮ್ಮ ಪಂಪ್‌ಹೌಸಿಗೆ

ಸಾಧಿಸಿದ್ದನ್ನು ಸಣ್ಣದೆನ್ನಲಾಗದು. ಜರ್ಮನಿಯ ಸ್ಟುಟ್‌ಗಾರ್ಟ್ ಬೆಟ್ಟಗಳ ನಡುವಿನ ತಗ್ಗಿನಲ್ಲಿರುವ ವಾಹನ ಉದ್ಯಮದ ನಗರ; ದೂಳಿನ ಮಾಲಿನ್ಯ ಅಲ್ಲಿನ ಹಳೆಯ ತಲೆನೋವು. ಸರ್ಕಾರಿ ಮಾಪನ ಕೇಂದ್ರಗಳು ಬೆರಳೆಣಿಕೆಯಷ್ಟಿದ್ದ ಕಾರಣ, 2015ರಲ್ಲಿ ಅಲ್ಲಿನ ಸ್ವಯಂಸೇವಕರ ಗುಂಪೊಂದು ನೋಡ್‌ಎಂಸಿಯು ಬೋರ್ಡ್ ಮತ್ತು ಲೇಸರ್ ಬೆಳಕಿನಿಂದ ದೂಳಿನ ಕಣ ಎಣಿಸುವ ಅಗ್ಗದ ಸೆನ್ಸರ್ ಜೋಡಿಸಿ, ಕೊಳಾಯಿ ಪೈಪಿನ ತುಂಡಿನಲ್ಲಿ ಕೂರಿಸಿ, ನಾಗರಿಕರ ಬಾಲ್ಕನಿಗಳಲ್ಲಿ ತೂಗುಹಾಕಿಸಿತು. ಆ ಅಳತೆಗಳೆಲ್ಲ ಒಂದೇ ನಕ್ಷೆಯ ಮೇಲೆ ಎಲ್ಲರಿಗೂ ಕಾಣುವಂತೆ ಬಂದವು. ಅದು ಮುಂದೆ ಹತ್ತಾರು ದೇಶಗಳಿಗೆ ಹರಡಿ ಸಾವಿರಾರು ಸೆನ್ಸರ್‌ಗಳ ಜಾಲವಾಯಿತು. ಮಾಲಿನ್ಯದ ಅಂಕಿಗಳಿಗೆ ಕಚೇರಿಯ ಬಾಗಿಲು ಕಾಯುತ್ತಿದ್ದ ನಾಗರಿಕರೇ ಅಂಕಿ ಮುಂದಿಟ್ಟು ಪ್ರಶ್ನೆ ಕೇಳುವಂತಾದದ್ದು ಪ್ರಜಾಸತ್ತೆಗೆ ಸಂದ ಲಾಭ. ಅದಕ್ಕೊಂದು ಮಿತಿಯೂ ಇದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ, ಮಂಜು ಕವಿದಾಗ ಆ ಅಗ್ಗದ ಸೆನ್ಸರ್ ನೀರಿನ ಹನಿಗಳನ್ನೂ ದೂಳೆಂದೇ ಎಣಿಸುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಅದನ್ನು ತೂಗುಹಾಕಿ ಬಂದ ಅಂಕಿಯನ್ನು ಹಾಗೆಯೇ ನಂಬಿದರೆ ಕೊಡಗಿನ ಗಾಳಿಯೂ ಕೊಳಕೆಂದು ತೀರ್ಮಾನಿಸಬೇಕಾದೀತು. ಅಂಕಿ ಸುಲಭವಾಗಿ ಸಿಗುವ ಕಾಲದಲ್ಲಿ ಅಂಕಿಯನ್ನು ಅನುಮಾನಿಸುವ ವಿದ್ಯೆಯೂ ಜೊತೆಗೇ ಬೇಕು.

ನಮ್ಮ ಹೊಲಗಳ ಕಥೆ ಬೇರೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಎಷ್ಟೋ ಕಡೆ ಬರುವುದು ರಾತ್ರಿ. ಹಾವು, ಚಿರತೆ, ಆನೆಗಳ ಭಯದ ನಡುವೆ ಮೋಟಾರು ಹಾಕಲು ತೋಟಕ್ಕೆ ನಡೆಯಬೇಕಾದ ರೈತರಿಗೆ ಮನೆಯಿಂದಲೇ ಚಾಲೂ ಮಾಡುವ ಸಾಧನ ಸೌಕರ್ಯಕ್ಕಿಂತ ದೊಡ್ಡದು, ಪ್ರಾಣರಕ್ಷಣೆ. ವಿದ್ಯಾರ್ಥಿಗಳು ವೈಫೈ ಬೋರ್ಡ್ ಬಳಸಿ ಪಂಪ್ ನಿಯಂತ್ರಕ ಮಾಡಲು ಹೊರಡುವುದು ಈ ಕಾರಣಕ್ಕೆ ಶ್ಲಾಘನೀಯ. ಆದರೆ ಅಂಕುಡೊಂಕು ತಾಮ್ರದ ಗೆರೆಯ ಆಂಟೆನಾ ತೋಟದಾಚೆಯ ಮನೆಗೆ ಸಂಕೇತ ಮುಟ್ಟಿಸುವುದಿಲ್ಲ. ಮಾರುಕಟ್ಟೆಯಲ್ಲಿ ಯಶಸ್ವಿಯಾದ ‘ಮೊಬೈಲ್ ಸ್ಟಾರ್ಟರ್’ಗಳು ಸಿಮ್ ಕಾರ್ಡ್ ನೆಚ್ಚಿಕೊಂಡದ್ದು ಅದಕ್ಕೇ. ಕಡಿಮೆ ದತ್ತಾಂಶವನ್ನು ಕಿಲೊಮೀಟರುಗಟ್ಟಲೆ ದೂರ ಒಯ್ಯುವ ಲೋರಾ ತಂತ್ರಜ್ಞಾನಕ್ಕೆ ಮೇಲೆ ಹೇಳಿದ 865 ಮೆಗಾಹರ್ಟ್ಸ್ ಪಟ್ಟಿ ನಮ್ಮಲ್ಲಿ ತೆರೆದೇ ಇದೆ. ಅದನ್ನು ಈ ಬೋರ್ಡುಗಳ ಜೊತೆ ಜೋಡಿಸಿದರೆ ಸಿಗ್ನಲ್ ಸಿಗದ ಮಲೆನಾಡಿನ ಕಣಿವೆಗಳಲ್ಲಿ ಉಪಯೋಗವಾದೀತು.

ಅಪಾಯ ರೇಡಿಯೊದಲ್ಲಿ ಮಾತ್ರ ಇಲ್ಲ. ಹವ್ಯಾಸಿ ಕಿಟ್‌ಗಳಲ್ಲಿ ಬರುವ ನೀಲಿ ಬಣ್ಣದ ರಿಲೇಯ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಅಚ್ಚಾಗಿರುತ್ತದೆ. 5 ಅಶ್ವಶಕ್ತಿಯ ತ್ರೀ ಫೇಸ್ ಮೋಟಾರು ಓಡುವಾಗ ಎಳೆಯುವುದು ಏಳೆಂಟು ಆಂಪಿಯರ್, ಸಾಕೆಂದುಕೊಂಡರೆ ತಪ್ಪು. ಶುರುವಾಗುವ ಕ್ಷಣದಲ್ಲಿ ಅದು ಹಲವು ಪಟ್ಟು ಏರುತ್ತದೆ, ರಿಲೇಯ ಒಳಗಿನ ಲೋಹದ ತುದಿಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಗ ಫೋನಿನಲ್ಲಿ ‘ಆಫ್’ ಎಂದು ತೋರಿಸಿದರೂ ಮೋಟಾರು ನಿಲ್ಲುವುದಿಲ್ಲ. ಬೋರ್ಡು ಚಾಲನೆ ಕೊಡಬೇಕಾದದ್ದು ಅದಕ್ಕೆಂದೇ ಮಾಡಿದ ಕಾಂಟ್ಯಾಕ್ಟರ್‌ಗೆ. ಜೊತೆಗೆ ಓವರ್‌ಲೋಡ್, ಸಿಂಗಲ್ ಫೇಸಿಂಗ್, ನೀರಿಲ್ಲದ ಓಟ ಇವುಗಳಿಂದ ಕಾಪಾಡುವ ವ್ಯವಸ್ಥೆ ಬೇಕೇ ಬೇಕು. ಊರಿನ ಅನುಭವಿ ಎಲೆಕ್ಟ್ರಿಷಿಯನ್‌ಗೆ ಗೊತ್ತಿರುವ ಈ ಸಂಗತಿ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ. ಅವರಿಬ್ಬರೂ ಒಂದೇ ಮೇಜಿಗೆ ಕೂರುವ ಏರ್ಪಾಡನ್ನು ನಮ್ಮ ಕಾಲೇಜುಗಳು ಇನ್ನೂ ಮಾಡಿಲ್ಲ.

ಬೀಗ ಹಾಕದ ಬಾಗಿಲು

2016ರ ಅಕ್ಟೋಬರ್ 21ರಂದು ಅಮೆರಿಕದ ಹಲವು ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ತೆರೆಯದೇ ಹೋದವು. ದಾಳಿಗೆ ಬಳಕೆಯಾದದ್ದು ಜನರ ಮನೆ, ಅಂಗಡಿಗಳಲ್ಲಿದ್ದ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳು. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನು ಮಾಲೀಕರು ಬದಲಿಸಿರಲಿಲ್ಲ. ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ ಅಂಥ ಸಾಧನಗಳನ್ನು ಹುಡುಕಿ ಹುಡುಕಿ ವಶಪಡಿಸಿಕೊಂಡಿತ್ತು. ಅದರ ಹಿಡಿತದಲ್ಲಿದ್ದ ಸಾಧನಗಳ ಸಂಖ್ಯೆ ಒಂದು ಹಂತದಲ್ಲಿ ಆರು ಲಕ್ಷದಷ್ಟಿತ್ತು ಎಂದು ನಂತರದ ಅಧ್ಯಯನ ಕಂಡುಕೊಂಡಿತು. ಅವು ಲಿನಕ್ಸ್ ನಡೆಸುವ ದೊಡ್ಡ ಸಾಧನಗಳು. ನಮ್ಮ ಬೆರಳಗಲದ ಬೋರ್ಡು ಆ ಸಾಲಿಗೆ ಸೇರಿದ್ದಲ್ಲ. ಆದರೆ ಪಾಠ ಒಂದೇ: ಒಬ್ಬರ ಮನೆಯ ನಿರ್ಲಕ್ಷ್ಯದ ಪರಿಣಾಮವನ್ನು ಉಣ್ಣುವವರು ಬೇರೆಯವರು.

ಹವ್ಯಾಸಿ ಬೋರ್ಡಿನ ದೌರ್ಬಲ್ಯ ಇನ್ನೂ ಸರಳ. ಮನೆಯ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಪ್ರೋಗ್ರಾಂನ ಮೊದಲ ಸಾಲುಗಳಲ್ಲೇ ಬರೆಯುವುದು ಎಲ್ಲ ಪಾಠಗಳಲ್ಲೂ ಕಾಣುವ ಪದ್ಧತಿ. ಅದು ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಹಾಗೆಯೇ ಕೂರುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ಗೆಳೆಯನಿಗೆ ಕೊಟ್ಟ ಅಥವಾ ಕಸಕ್ಕೆ ಎಸೆದ ಬೋರ್ಡನ್ನು ಯಾರಾದರೂ ಯುಎಸ್‌ಬಿಗೆ ಸಿಕ್ಕಿಸಿ, ಉಚಿತವಾಗಿ ಸಿಗುವ ಸಾಧನದಿಂದ ಮೆಮೊರಿಯನ್ನು ಓದಿದರೆ ಆ ಪಾಸ್‌ವರ್ಡ್ ಅಕ್ಷರ ಬಿಡದೆ ಸಿಗುತ್ತದೆ. ಇದಕ್ಕೆ ಪರಿಹಾರ ಚಿಪ್‌ನಲ್ಲೇ ಇದೆ: ಮೆಮೊರಿಯನ್ನು ಗೂಢಲಿಪಿಗೆ ಬದಲಿಸುವ, ಸಹಿ ಇಲ್ಲದ ಪ್ರೋಗ್ರಾಂ ಓಡದಂತೆ ತಡೆಯುವ ಸೌಲಭ್ಯಗಳು ಇಎಸ್‌ಪಿ32ರಲ್ಲಿ ಮೊದಲಿನಿಂದಲೂ ಇವೆ. ತಾನಾಗಿ ಚಾಲೂ ಆಗಿರುವುದಿಲ್ಲ, ಅಷ್ಟೆ. 2019ರಲ್ಲಿ ಸಂಶೋಧಕರೊಬ್ಬರು ಕ್ಷಣಮಾತ್ರದ ವೋಲ್ಟೇಜ್ ಪೆಟ್ಟು ಕೊಟ್ಟು ಈ ರಕ್ಷಣೆಯನ್ನೂ ಮುರಿದು ತೋರಿಸಿದರು. ಚಿಪ್‌ನ ಮುಂದಿನ ಆವೃತ್ತಿಯಲ್ಲಿ ಅದಕ್ಕೆ ತಡೆ ಬಂತು. ಚಿಪ್ ಕೈಗೆ ಸಿಕ್ಕವರಷ್ಟೇ ಮಾಡಬಹುದಾದ ದಾಳಿ ಅದು. ಸಾಮಾನ್ಯ ಮನೆಗೆ ಅದಕ್ಕಿಂತ ದೊಡ್ಡ ಆತಂಕ ಹಾಕಬಹುದಾಗಿದ್ದ ಬೀಗವನ್ನು ಹಾಕದೇ ಬಿಡುವುದು.

2025ರ ಮಾರ್ಚ್‌ನಲ್ಲಿ ಸ್ಪೇನ್‌ನ ಭದ್ರತಾ ಸಂಶೋಧಕರು ಇಎಸ್‌ಪಿ32ರ ಬ್ಲೂಟೂತ್ ಭಾಗದಲ್ಲಿ ದಾಖಲೆಗಳಲ್ಲಿ ಇಲ್ಲದ 29 ಆಜ್ಞೆಗಳನ್ನು ಕಂಡುಹಿಡಿದರು. ಅದನ್ನು ‘ಹಿಂಬಾಗಿಲು’ ಎಂದು ಕರೆದದ್ದರಿಂದ ಜಗತ್ತಿನಾದ್ಯಂತ ಗದ್ದಲವಾಯಿತು. ಆ ಆಜ್ಞೆಗಳನ್ನು ದೂರದಿಂದ ರೇಡಿಯೊ ಮೂಲಕ ಕೊಡಲಾಗದು, ಬೋರ್ಡಿನ ಮೇಲೆ ಮೊದಲೇ ಹಿಡಿತ ಇರುವ ತಂತ್ರಾಂಶ ಮಾತ್ರ ಬಳಸಬಹುದು ಎಂಬ ವಿವರಣೆ ಬಂದ ಮೇಲೆ ಸಂಶೋಧಕರೇ ಆ ಪದವನ್ನು ಬಿಟ್ಟು ‘ಗುಪ್ತ ಸೌಲಭ್ಯ’ ಎಂದರು. ಪರೀಕ್ಷೆಗೆಂದು ಇಟ್ಟ ಆಜ್ಞೆಗಳವು ಎಂದ ಕಂಪನಿ, ಅವನ್ನು ನಿಷ್ಕ್ರಿಯಗೊಳಿಸುವ ತಿದ್ದುಪಡಿಯ ಭರವಸೆ ಕೊಟ್ಟಿತು. ಈ ಪ್ರಕರಣವನ್ನು ದೇಶಾಭಿಮಾನದ ಕಣ್ಣಿಂದ ನೋಡಿ ಗಾಬರಿಯಾಗುವುದೂ ಸಲ್ಲ, ಏನೂ ಇಲ್ಲವೆಂದು ತಳ್ಳಿಹಾಕುವುದೂ ಸಲ್ಲ. ಕೋಟ್ಯಂತರ ಸಾಧನಗಳಲ್ಲಿರುವ ಚಿಪ್ ಏನೇನು ಮಾಡಬಲ್ಲದು ಎಂಬುದು ಪೂರ್ತಿಯಾಗಿ ಬರಹದಲ್ಲಿ ಇರಬೇಕಾಗಿತ್ತು, ಇರಲಿಲ್ಲ.

ಕಾನೂನು ತಡವಾಗಿ ಎಚ್ಚೆತ್ತಿದೆ. ಎಲ್ಲ ಸಾಧನಗಳಿಗೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ನಿಷೇಧಿಸಿದೆ, ಎಷ್ಟು ಕಾಲ ಭದ್ರತಾ ತಿದ್ದುಪಡಿ ಕೊಡುತ್ತೇವೆಂದು ತಯಾರಕರು ಮೊದಲೇ ಹೇಳಬೇಕೆಂದಿದೆ. ಐರೋಪ್ಯ ಒಕ್ಕೂಟದ ಇನ್ನೂ ವಿಸ್ತಾರವಾದ ಕಾನೂನಿನ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರ್‌ನಲ್ಲಿ ಜಾರಿಗೆ ಬರಲಿವೆ. ಭಾರತದಲ್ಲಿ ವೈರ್‌ಲೆಸ್ ಉಪಕರಣಗಳಿಗೆ ಮಾದರಿ ಅನುಮೋದನೆ ಬೇಕು. ಅದು ನೋಡುವುದು ತರಂಗ, ಶಕ್ತಿಮಿತಿಗಳನ್ನು. ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಉಳಿದ ಮನೆಬಳಕೆಯ ಸಾಧನಗಳಿಗೆ 2021ರಲ್ಲಿ ಬಂದ ಮಾರ್ಗಸೂಚಿಯಿದೆ. ಪಾಲಿಸದವರನ್ನು ಹಿಡಿದು ಕೇಳುವ ಬಲ ಮಾರ್ಗಸೂಚಿಗೆ ಇಲ್ಲ.

ಯಾರ ಸಾಧನ, ಯಾರ ಕೀಲಿ

ಕೊಂಡವರಿಗೇ ಸಾಧನ ಸೇರಿದ್ದೇ ಎಂಬ ಪ್ರಶ್ನೆಯೂ ಇದೆ. 2016ರಲ್ಲಿ ಒಂದು ಕಂಪನಿ ತನ್ನ ಮನೆ ನಿಯಂತ್ರಣ ಸಾಧನದ ಸರ್ವರನ್ನು ನಿಲ್ಲಿಸಿದಾಗ, 2022ರಲ್ಲಿ ಇನ್ನೊಂದು ಕಂಪನಿ ಮುನ್ಸೂಚನೆಯಿಲ್ಲದೆ ಸರ್ವರ್ ಮುಚ್ಚಿದಾಗ, ಅಮೆರಿಕದ ಗ್ರಾಹಕರ ಮನೆಗಳಲ್ಲಿ ಕೆಟ್ಟಿಲ್ಲದ ಸಾಧನಗಳು ಕೆಲಸಕ್ಕೆ ಬಾರದಾದವು. ಹವ್ಯಾಸಿಗಳು ತಮ್ಮದೇ ದಾರಿಯಲ್ಲಿ ಇದಕ್ಕೆ ಉತ್ತರಿಸಿದ್ದಾರೆ. ಇಎಸ್‌ಪಿ ಚಿಪ್ ಇರುವ ಸ್ಮಾರ್ಟ್ ಪ್ಲಗ್ಗುಗಳನ್ನು ಬಿಚ್ಚಿ, ಕಂಪನಿಯ ತಂತ್ರಾಂಶ ಅಳಿಸಿ, ಮನೆಯೊಳಗೇ ಕೆಲಸ ಮಾಡುವ ಮುಕ್ತ ತಂತ್ರಾಂಶ ತುಂಬುತ್ತಾರೆ. ಹೊರದೇಶದ ಸರ್ವರ್ ಇದ್ದರೂ ಹೋದರೂ ಆ ಮನೆಯ ದೀಪ ಉರಿಯುತ್ತದೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ–ತ್ಯಾಜ್ಯ ಸೃಷ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದು ಶೇ 22.3ರಷ್ಟು ಮಾತ್ರ ಎಂಬುದು ಗೊತ್ತಿದ್ದವರಿಗೆ ಈ ಹವ್ಯಾಸದ ಬೆಲೆ ಗೊತ್ತಾಗುತ್ತದೆ. ಹೀಗೆ ಬಿಚ್ಚಲು ಬಾರದಂತೆ ಬೀಗ ಹಾಕುವ ಅದೇ ಭದ್ರತಾ ಸೌಲಭ್ಯ ಇಲ್ಲಿ ಎದುರಾಳಿಯೂ ಆಗುತ್ತದೆ. ಕಳ್ಳನನ್ನು ತಡೆಯುವ ಕೀಲಿ ಮಾಲೀಕನನ್ನೂ ಹೊರಗಿಡಬಹುದು. ಈ ಎರಡು ಹಕ್ಕುಗಳ ನಡುವಿನ ತಿಕ್ಕಾಟಕ್ಕೆ ಸುಲಭದ ತೀರ್ಪಿಲ್ಲ. ಕಂಪನಿ ಬೆಂಬಲ ನಿಲ್ಲಿಸುವ ದಿನ ಕೀಲಿಯನ್ನು ಗ್ರಾಹಕರಿಗೆ ಒಪ್ಪಿಸಬೇಕೆಂಬ ನಿಯಮ ನ್ಯಾಯಕ್ಕೆ ಹತ್ತಿರವಾದದ್ದು.

ಮುಕ್ತತೆಗೂ ಒಂದು ಗಡಿ ಇದೆ. ಈ ಚಿಪ್‌ಗಳ ಮೇಲ್ಪದರದ ತಂತ್ರಾಂಶ ಬಹುಪಾಲು ತೆರೆದಿದ್ದರೂ ವೈಫೈ ರೇಡಿಯೊ ನಡೆಸುವ ಭಾಗ ಓದಲಾಗದ ರೂಪದಲ್ಲೇ ಬರುತ್ತದೆ. ಯುರೋಪಿನ ಕೆಲವು ಯುವ ತಂತ್ರಜ್ಞರು ಈಚಿನ ವರ್ಷಗಳಲ್ಲಿ ಅದನ್ನು ಸಾಲು ಸಾಲಾಗಿ ಬಿಡಿಸಿ, ಮುಕ್ತ ಪರ್ಯಾಯ ಬರೆಯಲು ತೊಡಗಿದ್ದಾರೆ. ಅಂಥ ಕೆಲಸಕ್ಕೆ ಬೇಕಾದ ಪ್ರತಿಭೆ ನಮ್ಮಲ್ಲಿ ಇಲ್ಲವೆನ್ನಲಾಗದು. 1985ರಲ್ಲೇ ಅಮೆರಿಕದ ಚಿಪ್ ಕಂಪನಿಯೊಂದು ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆಯಿತು. ಅಂದಿನಿಂದ ಜಗತ್ತಿನ ಎಷ್ಟೋ ಚಿಪ್‌ಗಳ ನಕ್ಷೆಗೆ ಈ ನಗರದ ಬೆವರು ಸೇರಿದೆ. ಇಎಸ್‌ಪಿ ಚಿಪ್ ರೂಪಿಸುವ ಕಂಪನಿಗೂ ಪುಣೆಯಲ್ಲಿ ಎಂಜಿನಿಯರ್‌ಗಳ ಕಚೇರಿ ಇದೆ. ನಮ್ಮ ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ರಿಸ್ಕ್–ಫೈವ್ ಆಧಾರದಲ್ಲಿ ಸ್ವದೇಶಿ ಪ್ರೊಸೆಸರ್‌ಗಳನ್ನು ರೂಪಿಸಿವೆ, ಕಲಿಕೆಗೆಂದು ಬೋರ್ಡ್‌ಗಳನ್ನೂ ತಂದಿವೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೆಮಿಕಂಡಕ್ಟರ್ ಉದ್ಯಮಕ್ಕೆ 76 ಸಾವಿರ ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತು. ಆದರೂ ಎಸ್‌.ಪಿ. ರಸ್ತೆಯಲ್ಲಿ ವಿದ್ಯಾರ್ಥಿ ಕೇಳುವುದು ಇಎಸ್‌ಪಿಯನ್ನೇ. ಬೆಲೆ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅದಕ್ಕೆ ಸಿಗುವ ಸಾವಿರಾರು ಉದಾಹರಣೆ, ಪಾಠ, ಬಿಡಿಸಿದ ಸಮಸ್ಯೆಗಳ ರಾಶಿ. ಆಮದು ತಡೆದು ಆ ರಾಶಿಯನ್ನು ಕಟ್ಟಲಾಗದು. 2014ರಲ್ಲಿ ಆ ಕಂಪನಿ ಮಾಡಿದಂತೆ ಒಳಗನ್ನು ತೆರೆದಿಟ್ಟು, ಹವ್ಯಾಸಿಗಳನ್ನು ಜೊತೆಗೆ ಕರೆದುಕೊಂಡು, ವರ್ಷಗಟ್ಟಲೆ ಪೋಷಿಸಿದರೆ ಮಾತ್ರ ಅದು ಬೆಳೆಯುತ್ತದೆ.

ಕಾಲೇಜುಗಳ ಮುಂದಿರುವ ಕೆಲಸ

ಎರಡೂ ಕಡೆಯ ವಾದಗಳನ್ನು ತೂಗಿದರೆ ಲಾಭದ ತಟ್ಟೆಯೇ ತಗ್ಗುತ್ತದೆ. ಸಣ್ಣ ಊರಿನ ಪಾಲಿಟೆಕ್ನಿಕ್ ವಿದ್ಯಾರ್ಥಿಯ ಕೈಗೂ ದೊಡ್ಡ ಪ್ರಯೋಗಾಲಯದ ಸಂಶೋಧಕರ ಕೈಗೂ ಇಂದು ಒಂದೇ ಬೋರ್ಡ್ ಸಿಗುತ್ತದೆ. ಇಂಥ ಸಮಾನತೆ ತಂತ್ರಜ್ಞಾನದಲ್ಲಿ ಅಪರೂಪ, ಅದನ್ನು ಕಳೆದುಕೊಳ್ಳಬಾರದು. ಬೋರ್ಡ್ ಅಗ್ಗವಾದಷ್ಟೂ ಅದನ್ನು ಬಳಸುವವರ ಹೊಣೆ ಹೆಚ್ಚುತ್ತದೆ ಎಂಬುದು ಕಲಿಕೆಯಲ್ಲಿ ಬರದೇ ಹೋಗಿರುವುದೇ ಈಗಿನ ಕೊರತೆ. ಮೌಲ್ಯಮಾಪನದ ದಿನ ದೀಪ ಹತ್ತಿತೇ, ಫೋನಿನಲ್ಲಿ ಅಂಕಿ ಬಂತೇ ಎಂದಷ್ಟೇ ನೋಡಿ ಅಂಕ ಕೊಡುವ ಪದ್ಧತಿ ಬದಲಾಗಬೇಕು.

ವಿಶ್ವವಿದ್ಯಾಲಯಗಳಿಗೆ, ಅಧ್ಯಾಪಕರಿಗೆ ಒಂದು ಮನವಿ. ಇನ್ನು ಮುಂದೆ ಪ್ರತಿ ವೈರ್‌ಲೆಸ್ ಪ್ರಾಜೆಕ್ಟ್ ವರದಿಯಲ್ಲೂ ಮಲ್ಟಿಮೀಟರ್ ಹಿಡಿದು ಅಳೆದ ಕರೆಂಟಿನ ಲೆಕ್ಕ, ಜಾಲ ಕಡಿದಾಗ ಮತ್ತು ಕರೆಂಟ್ ಹೋಗಿ ಬಂದಾಗ ಸಾಧನ ಹೇಗೆ ನಡೆದುಕೊಳ್ಳುತ್ತದೆ ಎಂಬ ಪರೀಕ್ಷೆ, ಪಾಸ್‌ವರ್ಡನ್ನು ಎಲ್ಲಿ ಹೇಗೆ ಇಟ್ಟಿದೆ ಎಂಬ ವಿವರ ಕಡ್ಡಾಯವಾಗಿ ಇರಲಿ. ಚೀನೀ ದಾಖಲೆಯನ್ನು ಅನುವಾದಿಸಿ ಓದಿದವರಿಂದ ಈ ಕ್ರಾಂತಿ ಶುರುವಾಯಿತು. ಈ ಚಿಪ್‌ಗಳ ಬಗ್ಗೆ ಕನ್ನಡದಲ್ಲಿ ಪೂರ್ಣ ಪಾಠಗಳನ್ನು ಬರೆಯುವ ಕೆಲಸವನ್ನು ನಮ್ಮ ಪಾಲಿಟೆಕ್ನಿಕ್‌ಗಳು ಈ ವರ್ಷವೇ ಕೈಗೆತ್ತಿಕೊಳ್ಳಲಿ. ಮಾರುವ ಸಾಧನ ಮಾಡುವವರು ಎಷ್ಟು ವರ್ಷ ತಿದ್ದುಪಡಿ ಕೊಡುತ್ತೇವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಲಿ. ಆ ಸಾಲು ಇಲ್ಲದ ಪೆಟ್ಟಿಗೆಯನ್ನು ಮನೆಗೆ ತರುವ ಮುನ್ನ ಓದುಗರು ಅಂಗಡಿಯವರನ್ನು ಒಂದು ಮಾತು ಕೇಳಬೇಕು.